ಮೆದುಳಿನ ರಕ್ತನಾಳದ ಕೇಸಿಗೆ ಡಾಕ್ಟರನ್ನು ತೆಗೆದುಕೊಳ್ಳುವ ಮೊದಲು: ಕರಾವಳಿಯ ಕ್ವಾಲಿಟಿ ಸೆಲ್‌ನವರಿಗೆ ಒಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆ ಆಸ್ಪತ್ರೆಗಳಿಗೆ ಬರವಿಲ್ಲ. ಅತ್ತಾವರ, ಕಂಕನಾಡಿ, ಕುಂಟಿಕಾನ, ದೇರಳಕಟ್ಟೆ ಎಂದು ಹೊರಟರೆ ಅರ್ಧ ದಿನದಲ್ಲಿ ಮೂರ್ನಾಲ್ಕು ಮೆಡಿಕಲ್ ಕಾಲೇಜುಗಳ ಗೇಟು ನೋಡಿ ಬರಬಹುದು. ಹೃದಯಕ್ಕೆಂದು ತಂದ, ರಕ್ತನಾಳದೊಳಗೆ ತೆಳು ಕೊಳವೆ ಹಾಯಿಸಿ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಈಗ ಮಧ್ಯಮ ಗಾತ್ರದ ಆಸ್ಪತ್ರೆಗಳಲ್ಲೂ ಇದೆ. ಹಾಗಾಗಿ ಯಾವುದೋ ಒಂದು ಮೀಟಿಂಗಿನಲ್ಲಿ "ಮೆಷಿನ್ ಹೇಗೂ ಇದೆಯಲ್ಲ, ಲಕ್ವ ಹೊಡೆದವರಿಗೆ ಕ್ಲಾಟ್ ತೆಗೆಯುವುದನ್ನು ನಾವೂ ಶುರು ಮಾಡೋಣ" ಎಂಬ ಮಾತು ಬಂದೇ ಬರುತ್ತದೆ. ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಡಾಕ್ಟರ ಫೈಲ್ ನಿಮ್ಮ ಮೇಜಿಗೆ ಬರುತ್ತದೆ, ಜೊತೆಗೆ "ಬೇಗ ಮುಗಿಸಿ ಮಾರಾಯ್ರೆ, ಒಂದನೇ ತಾರೀಕಿಗೆ ಜಾಯಿನ್ ಆಗ್ತಾರೆ" ಎಂಬ ಫೋನ್.

ಆ ಫೈಲನ್ನು ಏನು ಮಾಡಬೇಕು ಎನ್ನುವುದಕ್ಕೇ ಈ ಲೇಖನ. ಕ್ವಾಲಿಟಿ ಸೆಲ್, ಎಚ್‌ಆರ್, ಮೆಡಿಕಲ್ ಸೂಪರಿಂಟೆಂಡೆಂಟ್ ಆಫೀಸಿನಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ರೋಗಿಯ ಮನೆಯವರು ಓದಿದರೂ ನಷ್ಟವಿಲ್ಲ.

ಮೊದಲು ಎರಡು ಕೆಲಸಗಳನ್ನು ಬೇರೆ ಮಾಡಿಕೊಳ್ಳಿ

ಕ್ರೆಡೆನ್ಶಿಯಲಿಂಗ್ ಅಂದರೆ ಈ ಡಾಕ್ಟರು ಹೇಳಿಕೊಂಡಿದ್ದೆಲ್ಲ ನಿಜವೇ ಎಂದು ನೋಡುವುದು. ಡಿಗ್ರಿ, ರಿಜಿಸ್ಟ್ರೇಷನ್, ತರಬೇತಿ, ಅನುಭವ. ಪ್ರಿವಿಲೆಜಿಂಗ್ ಅಂದರೆ ಅವರು ನಮ್ಮ ಆಸ್ಪತ್ರೆಯಲ್ಲಿ, ಯಾರ ಮೇಲ್ವಿಚಾರಣೆಯೂ ಇಲ್ಲದೆ, ಯಾವ ಯಾವ ಚಿಕಿತ್ಸೆ ಮಾಡಬಹುದು ಎಂದು ಒಂದೊಂದಾಗಿ ಬರೆದುಕೊಡುವುದು. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ಎರಡನ್ನೂ ಕೇಳುತ್ತದೆ. ಆದರೆ ಕಡತಗಳಲ್ಲಿ ನೋಡಿದರೆ ಮೊದಲನೆಯದು ದಪ್ಪಗಿರುತ್ತದೆ, ಎರಡನೆಯದಕ್ಕೆ "ನ್ಯೂರೋಸರ್ಜರಿ: ಎಲ್ಲ ಪ್ರೊಸೀಜರ್" ಎಂಬ ಒಂದು ಸಾಲು. ಮೆದುಳಿನ ರಕ್ತನಾಳದ ವಿಷಯದಲ್ಲಿ ಆ ಒಂದು ಸಾಲು ಸಾಕಾಗುವುದಿಲ್ಲ. ಸ್ಕೂಟರಿನ ಲೈಸೆನ್ಸ್ ಇದ್ದವರು ಘಾಟಿಯಲ್ಲಿ ಬಸ್ ಓಡಿಸುವಂತಿಲ್ಲ, ಅಲ್ವಾ? ಇಲ್ಲಿಯೂ ಪ್ರತಿ ಗಾಡಿಗೆ ಬೇರೆ ಪರವಾನಗಿ.

1. ಡಾಕ್ಟರು ಬರುವ ಮೊದಲೇ ಪಟ್ಟಿ ಮಾಡಿ

ಎದುರಿಗೆ ಅಭ್ಯರ್ಥಿಯನ್ನು ಕೂರಿಸಿಕೊಂಡು ನಿಯಮ ಬರೆಯಬೇಡಿ. ಬರೆದರೆ ಅದು ಅವರ ಅಳತೆಗೆ ಹೊಲಿದ ಅಂಗಿ ಆಗುತ್ತದೆ. ನಮ್ಮಲ್ಲಿ ಯಾವ ಯಾವ ಚಿಕಿತ್ಸೆ ಮಾಡುತ್ತೇವೆ ಎಂಬ ಪಟ್ಟಿ ಮೊದಲು ಸಿದ್ಧವಾಗಲಿ: ಮೆದುಳಿನ ಆಂಜಿಯೋಗ್ರಾಂ, ಲಕ್ವದಲ್ಲಿ ಕ್ಲಾಟ್ ತೆಗೆಯುವ ಥ್ರಾಂಬೆಕ್ಟಮಿ, ಅನ್ಯೂರಿಸಂಗೆ (ರಕ್ತನಾಳ ಬಲೂನಿನಂತೆ ಉಬ್ಬಿದ ಜಾಗ) ಕಾಯಿಲ್ (ಒಳಗಿನಿಂದ ತುಂಬುವ ತೆಳು ತಂತಿಯ ಸುರುಳಿ), ಸ್ಟೆಂಟ್ ಇಟ್ಟು ಕಾಯಿಲ್, ಫ್ಲೋ ಡೈವರ್ಟರ್ (ರಕ್ತ ಉಬ್ಬಿನೊಳಗೆ ಹೋಗದಂತೆ ತಿರುಗಿಸುವ ಒತ್ತು ಜಾಲರಿಯ ಸ್ಟೆಂಟ್), ಎವಿಎಂಗೆ (ಹುಟ್ಟಿನಿಂದ ಗೋಜಲಾದ ರಕ್ತನಾಳಗಳ ಗಂಟು) ಅಂಟು ಹಾಕುವುದು, ಕತ್ತಿನ ಕೆರೋಟಿಡ್ ಸ್ಟೆಂಟ್. ತಲೆಬುರುಡೆ ತೆರೆದು ಮಾಡುವುದರಲ್ಲಿ ಅನ್ಯೂರಿಸಂ ಕ್ಲಿಪ್ (ಉಬ್ಬಿನ ಬುಡಕ್ಕೆ ಹೊರಗಿನಿಂದ ಹಾಕುವುದು), ಎವಿಎಂ ತೆಗೆಯುವುದು, ಬೈಪಾಸ್. ಕತ್ತಿನಲ್ಲಿ ಕೊಯ್ದು ಮಾಡುವುದರಲ್ಲಿ ಕೆರೋಟಿಡ್ ಎಂಡಾರ್ಟರೆಕ್ಟಮಿ (ರಕ್ತನಾಳದೊಳಗಿನ ಕೊಬ್ಬಿನ ಪದರ ತೆಗೆಯುವುದು).

ಪ್ರತಿಯೊಂದರ ಮುಂದೆ ಮೂರು ಕಾಲಂ ಹಾಕಿ. ಏನು ಓದಿರಬೇಕು, ಎಷ್ಟು ಕೇಸ್ ಕೈಯಾರೆ ಮಾಡಿರಬೇಕು, ನಮ್ಮಲ್ಲಿ ಅದಕ್ಕೆ ಬೇಕಾದ್ದು ಇದೆಯೇ. ಮೂರನೆಯದನ್ನು ಸುಮ್ನೆ ಬಿಟ್ಟುಬಿಡುವವರೇ ಜಾಸ್ತಿ. ಕ್ಯಾಥ್‌ಲ್ಯಾಬಿಗೆ ಎಇಆರ್‌ಬಿ (ಎಕ್ಸ್‌ರೇ ಯಂತ್ರಗಳಿಗೆ ಅನುಮತಿ ಕೊಡುವ ಮಂಡಳಿ) ಲೈಸೆನ್ಸ್ ಇದೆಯೇ, ನರರೋಗಿಯನ್ನು ನೋಡಿಕೊಳ್ಳುವ ಐಸಿಯು ಇದೆಯೇ, ರಾತ್ರಿ ಸಿಟಿ ಆಂಜಿಯೋ ಸಿಗುತ್ತದೆಯೇ, ಅನಸ್ತೇಶಿಯಾದವರು ಕರೆದ ಕೂಡಲೇ ಬರುತ್ತಾರೆಯೇ. ಕಾಯಿಲ್ ಹಾಕುವಾಗ ಅನ್ಯೂರಿಸಂ ಒಡೆದರೆ ತಲೆ ತೆರೆಯುವ ಸರ್ಜನ್ ಅದೇ ಕಟ್ಟಡದಲ್ಲಿ ಇದ್ದಾರೆಯೇ? ಇಲ್ಲ ಅಂದರೆ ಎಷ್ಟೇ ದೊಡ್ಡ ಡಾಕ್ಟರು ಬಂದರೂ ಆ ಸಾಲಿಗೆ ಟಿಕ್ ಹಾಕಬೇಡಿ.

2. ಮೂರು ದಾರಿಗಳಿಂದ ಬರುತ್ತಾರೆ, ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ

ಈ ಕೆಲಸಕ್ಕೆ ಬರುವವರು ಮೂರು ಕಡೆಯವರು. ಎಂಎಸ್ ಆದ ಮೇಲೆ 3 ವರ್ಷದ ಎಂಸಿಎಚ್ ನ್ಯೂರೋಸರ್ಜರಿ ಅಥವಾ ಡಿಆರ್‌ಎನ್‌ಬಿ ಎಂಬ ಸೂಪರ್ ಸ್ಪೆಷಾಲಿಟಿ ಓದು ಮಾಡಿದವರು (ಎಂಬಿಬಿಎಸ್ ಆದ ಕೂಡಲೇ 6 ವರ್ಷದ ನೇರ ಡಿಆರ್‌ಎನ್‌ಬಿಯೂ ಇದೆ). ಎಂಡಿ ರೇಡಿಯಾಲಜಿ ಮಾಡಿ ನ್ಯೂರೋರೇಡಿಯಾಲಜಿ ಕಡೆ ಹೋದವರು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಇದಕ್ಕೆಂದೇ ಡಿಎಂ (ಅದೂ ಸೂಪರ್ ಸ್ಪೆಷಾಲಿಟಿ ಡಿಗ್ರಿಯೇ) ಇದೆ. ಮೂರನೆಯವರು ಡಿಎಂ ನ್ಯೂರಾಲಜಿ ಮುಗಿಸಿ ಇಂಟರ್‌ವೆನ್ಷನ್‌ನಲ್ಲಿ ಫೆಲೋಶಿಪ್ ಮಾಡಿದ ನ್ಯೂರಾಲಜಿಸ್ಟ್‌ಗಳು.

ಇಲ್ಲಿ ಜಗಳ ಶುರುವಾಗುತ್ತದೆ. ಸರ್ಜನ್ ಹೇಳುತ್ತಾರೆ ತಲೆ ನಮ್ಮದು ಎಂದು, ರೇಡಿಯಾಲಜಿಯವರು ಕ್ಯಾತೆಟರ್ ನಮ್ಮದು ಎಂದು. ಕೆಲವೆಡೆ ಕಾರ್ಡಿಯಾಲಜಿಯವರೂ ಕೆರೋಟಿಡ್ ಸ್ಟೆಂಟ್ ನಾವು ಮಾಡುತ್ತೇವೆ ಎನ್ನುತ್ತಾರೆ. ಕ್ವಾಲಿಟಿ ಸೆಲ್‌ನವರು ಈ ಪಂಚಾತಿಕೆಗೆ ಇಳಿಯಬೇಡಿ. ನಿಯಮದಲ್ಲಿ ಡಿಪಾರ್ಟ್‌ಮೆಂಟಿನ ಹೆಸರೇ ಬರೆಯಬೇಡಿ, ತರಬೇತಿಯ ಅವಧಿ ಮತ್ತು ಕೇಸಿನ ವಿಧ ಮಾತ್ರ ಬರೆಯಿರಿ. ಯಾವ ಬಾಗಿಲಿನಿಂದ ಬಂದರೂ ಅಳತೆ ಒಂದೇ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಜಗಳ ಕಡಿಮೆ ಮಾಡುವ ಉಪಾಯ ಇದೊಂದೇ.

ಎಂಸಿಎಚ್ ಇದೆ ಅಂದ ಮಾತ್ರಕ್ಕೆ ಕಾಯಿಲ್ ಹಾಕಲು ಬರುತ್ತದೆ ಎಂದು ಅರ್ಥವಲ್ಲ. ಟ್ಯೂಮರ್, ಬೆನ್ನುಹುರಿ, ಅಪಘಾತದ ತಲೆಪೆಟ್ಟು ಮಾಡುತ್ತಲೇ ಮೂರು ವರ್ಷ ಕಳೆದಿರಬಹುದು. ಕ್ಲಿಪ್ ಹಾಕುವುದೂ ಹಾಗೆಯೇ. ಕಾಯಿಲ್ ಬಂದ ಮೇಲೆ ಕ್ಲಿಪ್ ಕೇಸ್‌ಗಳು ಎಲ್ಲ ಕಡೆ ಕಡಿಮೆಯಾಗಿವೆ, ಹೊಸ ಸರ್ಜನ್‌ಗಳಿಗೆ ಕೈಗೆ ಸಿಗುವುದೇ ಕಡಿಮೆ. ಆದ್ದರಿಂದ ಕ್ಲಿಪ್ಪಿಗೂ ಲೆಕ್ಕ ಕೇಳಿ.

ಕೌನ್ಸಿಲ್‌ಗಳ ಗುರುತಿಲ್ಲದ "ಬ್ರೈನ್ ವ್ಯಾಸ್ಕುಲರ್ ಸ್ಪೆಷಲಿಸ್ಟ್" ತರಹದ ಬಿರುದುಗಳನ್ನು ಬೋರ್ಡಿಗೆ ಹಾಕುವ ಮೊದಲು 2002ರ ವೈದ್ಯರ ನಡವಳಿಕೆಯ ನಿಯಮಾವಳಿ ಒಮ್ಮೆ ಓದಿ. ಆ ವಿಭಾಗದಲ್ಲಿ ವಿಶೇಷ ಅರ್ಹತೆ ಇಲ್ಲದೆ ತಾನು ತಜ್ಞ ಎಂದು ಹೇಳಿಕೊಳ್ಳುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಫ್ಲೆಕ್ಸ್ ಪ್ರಿಂಟ್ ಮಾಡಿಸುವ ಮಾರ್ಕೆಟಿಂಗ್‌ನವರಿಗೂ ಅದರ ಒಂದು ಪ್ರತಿ ಕೊಡಿ.

3. ರಿಜಿಸ್ಟ್ರೇಷನ್

ಕರ್ನಾಟಕದಲ್ಲಿ ಪ್ರಾಕ್ಟೀಸ್ ಮಾಡಲು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ (ಚಿಕ್ಕದಾಗಿ ಇದೂ ಕೆಎಂಸಿ) ರಿಜಿಸ್ಟ್ರೇಷನ್ ಇರಬೇಕು. ನಮ್ಮ ಊರಲ್ಲಿ ಕೆಎಂಸಿ ಅಂದರೆ ಎಲ್ಲರಿಗೂ ನೆನಪಾಗುವುದು ಕಸ್ತೂರ್ಬಾ ಮೆಡಿಕಲ್ ಕಾಲೇಜು. ಹೊಸದಾಗಿ ಸೇರಿದ ಎಚ್‌ಆರ್ ಹುಡುಗರು "ಕೆಎಂಸಿ ಸರ್ಟಿಫಿಕೇಟ್" ಕಾಲಂನಲ್ಲಿ ಕಾಲೇಜಿನ ಮಾರ್ಕ್ಸ್ ಕಾರ್ಡ್ ಪಿನ್ ಮಾಡಿಟ್ಟರೆ ಆಶ್ಚರ್ಯವಿಲ್ಲ. ಫಾರ್ಮಿನಲ್ಲಿ ಪೂರ್ತಿ ಹೆಸರೇ ಬರೆಯಿರಿ.

ಗಡಿ ಹತ್ತಿರ ಇರುವುದರಿಂದ ಇಲ್ಲಿ ಇನ್ನೊಂದು ವಿಷಯ ನೋಡಲೇಬೇಕು. ಕಾಸರಗೋಡು, ಕಣ್ಣೂರು ಕಡೆಯಿಂದ ಬರುವ ಡಾಕ್ಟರು ಕೇರಳದ ಕೌನ್ಸಿಲ್‌ನಲ್ಲಿ ಮಾತ್ರ ನೋಂದಾಯಿಸಿರಬಹುದು. ಹಾಗಿದ್ದರೆ ಕರ್ನಾಟಕದ ರಿಜಿಸ್ಟ್ರೇಷನ್ ಆಗುವವರೆಗೆ ಕಾಯಿರಿ, ಕೇರಳದಿಂದ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟ್ (ಅವರ ಮೇಲೆ ಶಿಸ್ತುಕ್ರಮ ಇಲ್ಲ ಎಂಬ ಪತ್ರ) ತರಿಸಿ. ಬೆಂಗಳೂರಿನಲ್ಲಿ ಓದಿ ಬೇರೆ ರಾಜ್ಯದಲ್ಲಿ ಹತ್ತು ವರ್ಷ ಕೆಲಸ ಮಾಡಿ ಊರಿಗೆ ವಾಪಸ್ ಬರುವವರಿಗೂ ಇದೇ ಮಾತು.

ಎಂಬಿಬಿಎಸ್ ಮಾತ್ರ ನೋಂದಣಿಯಾಗಿ, ಎಂಸಿಎಚ್ ಅಥವಾ ಡಿಎಂ ಹೆಚ್ಚುವರಿ ಅರ್ಹತೆಯಾಗಿ ಸೇರದೇ ಉಳಿದಿರುವುದು ಅಪರೂಪವೇನಲ್ಲ. ರಿಜಿಸ್ಟ್ರೇಷನ್ ನಂಬರ್ ಇದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ, ಅದರಲ್ಲಿ ಸೂಪರ್ ಸ್ಪೆಷಾಲಿಟಿ ದಾಖಲಾಗಿದೆಯೇ ನೋಡಿ. ನವೀಕರಣದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಸಿಎಂಇ (ವೈದ್ಯರ ಮುಂದುವರಿದ ಕಲಿಕೆ) ಎಂದು 2002ರ ನಿಯಮದಲ್ಲೇ ಇದೆ.

ದೇಶದ ವೈದ್ಯಕೀಯ ಆಯೋಗವಾದ ಎನ್‌ಎಂಸಿ 2020ರ ಸೆಪ್ಟೆಂಬರ್ 25ರಂದು ಹಳೆಯ ಎಂಸಿಐ ಜಾಗಕ್ಕೆ ಬಂತು. ಅದರ ವೆಬ್‌ಸೈಟಿನ ರಿಜಿಸ್ಟರಿನಲ್ಲಿ ಹೆಸರು, ನಂಬರ್, ರಾಜ್ಯ ಕೌನ್ಸಿಲ್ ಹಾಕಿ ಹುಡುಕಬಹುದು, ಸಾರ್ವಜನಿಕರೂ ಹುಡುಕಬಹುದು. ಡಾಕ್ಟರ ಚೀಟಿಯಲ್ಲೂ ರಸೀದಿಯಲ್ಲೂ ಈ ನಂಬರ್ ಇರಬೇಕು ಎನ್ನುವುದೂ ನಿಯಮವೇ.

4. ಮೂಲದಿಂದಲೇ ಕೇಳಿ

ಝೆರಾಕ್ಸ್ ಮೇಲೆ "ಒರಿಜಿನಲ್ ನೋಡಿದೆ" ಎಂದು ಸಹಿ ಹಾಕಿದರೆ ಪರಿಶೀಲನೆ ಆಗುವುದಿಲ್ಲ. ಡಿಗ್ರಿ ಕೊಟ್ಟ ಯೂನಿವರ್ಸಿಟಿಗೆ ನೀವೇ ಬರೆಯಬೇಕು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಮಣಿಪಾಲ, ಡಿಆರ್‌ಎನ್‌ಬಿ ಕೊಡುವ ಎನ್‌ಬಿಇಎಂಎಸ್, ಯಾವುದೇ ಆಗಲಿ. ವಿಳಾಸವನ್ನು ಅವರ ಅಧಿಕೃತ ಸೈಟಿನಿಂದ ತೆಗೆದುಕೊಳ್ಳಿ. ಅಭ್ಯರ್ಥಿ ಕೊಟ್ಟ ಫೋನ್ ನಂಬರಿಗೆ ಕರೆ ಮಾಡಿ ಖಚಿತಪಡಿಸಿಕೊಂಡರೆ ಏನು ಪ್ರಯೋಜನ? ಉತ್ತರ ಬರಲು ತಡವಾಗುತ್ತದೆ, ಹಾಗಾಗಿ ಆಫರ್ ಲೆಟರ್ ಕೊಟ್ಟ ದಿನವೇ ಪತ್ರ ಹೋಗಲಿ.

ಫೆಲೋಶಿಪ್ ಪತ್ರವನ್ನು ಎರಡು ಸಲ ಓದಿ. "ಅಬ್ಸರ್ವರ್‌ಶಿಪ್" ಎಂದಿದ್ದರೆ ಅವರು ನಿಂತು ನೋಡಿದ್ದಾರೆ, ಅಷ್ಟೆ. ಜಪಾನಿನಲ್ಲೋ ಜರ್ಮನಿಯಲ್ಲೋ ಒಂದು ತಿಂಗಳು ನೋಡಿ ಬಂದದ್ದು ಒಳ್ಳೆಯದೇ, ಆದರೆ ಅದನ್ನು ಒಂದು ವರ್ಷ ಕೈಯಾರೆ ಕೆಲಸ ಮಾಡಿದ ಫೆಲೋಶಿಪ್ ಪಕ್ಕದಲ್ಲಿ ಇಡುವಂತಿಲ್ಲ. ಶುರುವಾದ ತಾರೀಕು, ಮುಗಿದ ತಾರೀಕು, ಪೂರ್ಣಾವಧಿಯೇ, ಪರೀಕ್ಷೆ ಇತ್ತೇ ಕೇಳಿ. ಅಮೆರಿಕದಿಂದ ಬಂದವರಾದರೆ ಅಲ್ಲಿನ ಸೊಸೈಟಿ ಆಫ್ ನ್ಯೂರೋಲಾಜಿಕಲ್ ಸರ್ಜನ್ಸ್‌ನ ಕ್ಯಾಸ್ಟ್ ಎಂಬ ಸಮಿತಿ ಇಂಥ ಫೆಲೋಶಿಪ್‌ಗಳಿಗೆ ಮಾನ್ಯತೆ ಕೊಡುತ್ತದೆ. ಅವರು ಕಲಿತ ಕಡೆ ಆಗ ಆ ಮಾನ್ಯತೆ ಇತ್ತೇ ಎಂದು ವಿಚಾರಿಸಿ. ಕಂಪನಿಯವರು ಹೋಟೆಲಿನಲ್ಲಿ ನಡೆಸಿದ ಎರಡು ದಿನದ ವರ್ಕ್‌ಶಾಪ್ ಸರ್ಟಿಫಿಕೇಟ್ ಮತ್ತು ಸೊಸೈಟಿಗಳ ಸದಸ್ಯತ್ವ, ಇವೆರಡನ್ನೂ ಫೈಲಿನ ಕೊನೆಗೆ ಹಾಕಿ. ತೂಕಕ್ಕೆ ಹಿಡಿಯಬೇಡಿ.

5. ಲಾಗ್‌ಬುಕ್ಕಿನಲ್ಲೇ ಎಲ್ಲ ಇರುವುದು

"ಐನೂರು ಕೇಸ್ ಮಾಡಿದ್ದೇನೆ" ಎಂಬ ಮಾತಿಗೆ ಅರ್ಥವಿಲ್ಲ. ಅದರಲ್ಲಿ ಬರೀ ಆಂಜಿಯೋಗ್ರಾಂ ಎಷ್ಟು, ಚಿಕಿತ್ಸೆ ಎಷ್ಟು? ಮುಖ್ಯ ಆಪರೇಟರ್ ಆಗಿ ಎಷ್ಟು, ಸಹಾಯಕರಾಗಿ ಎಷ್ಟು? ಒಡೆದ ಅನ್ಯೂರಿಸಂ ಎಷ್ಟು, ಒಡೆಯದೇ ಇದ್ದದ್ದು ಎಷ್ಟು? ಕಳೆದ ಎರಡು ವರ್ಷದಲ್ಲಿ ಎಷ್ಟು? ಈ ನಾಲ್ಕು ಪ್ರಶ್ನೆಗೆ ಕಾಲಂ ಮಾಡಿ ಕೊಟ್ಟು, ತುಂಬಿಸಿ, ಹಿಂದಿನ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ ತರಲು ಹೇಳಿ. ರೋಗಿಗಳ ಹೆಸರು ಬೇಡ, ಆಸ್ಪತ್ರೆ ನಂಬರ್ ಸಾಕು, ಮತ್ತು ಆ ನಂಬರುಗಳಲ್ಲಿ ಕೆಲವನ್ನು ಆರಿಸಿ ಹಳೆಯ ಆಸ್ಪತ್ರೆಯಲ್ಲಿ ತಾಳೆ ನೋಡಲು ಒಪ್ಪಿಗೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಸರವಾಗುವುದಿಲ್ಲ. ಅವರ ಬಳಿ ಈ ಎಕ್ಸೆಲ್ ಶೀಟ್ ಮೊದಲೇ ಇರುತ್ತದೆ.

ಎಷ್ಟು ಕೇಸ್ ಮಾಡಿದ್ದರೆ ಸಾಕು ಎಂಬ ಸಂಖ್ಯೆಯನ್ನು ಎನ್‌ಎಬಿಎಚ್ ನಿಮಗೆ ಕೊಡುವುದಿಲ್ಲ. ಪ್ರಕ್ರಿಯೆ ಇರಬೇಕು ಎನ್ನುತ್ತದೆ, ಸಂಖ್ಯೆ ನೀವೇ ಇಡಬೇಕು. ಹೋಲಿಕೆಗೆ ಬೇಕಾದರೆ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್, ಥ್ರಾಂಬೆಕ್ಟಮಿ ಸೆಂಟರ್ ಎಂದು ಒಪ್ಪಲು ಅಲ್ಲಿನ ಒಬ್ಬೊಬ್ಬ ಡಾಕ್ಟರೂ ಹಿಂದಿನ 12 ತಿಂಗಳಲ್ಲಿ 15, ಇಲ್ಲವೇ 24 ತಿಂಗಳಲ್ಲಿ 30 ಥ್ರಾಂಬೆಕ್ಟಮಿ ಮಾಡಿರಬೇಕು ಎಂದು ಇಟ್ಟಿದೆ. ಇನ್ನೂ ಮೇಲಿನ ಹಂತದ ಸ್ಟ್ರೋಕ್ ಸೆಂಟರ್‌ಗೆ ಆಸ್ಪತ್ರೆಯಲ್ಲಿ ವರ್ಷಕ್ಕೆ ಕನಿಷ್ಠ 15 ಅನ್ಯೂರಿಸಂ ಕ್ಲಿಪ್ ಅಥವಾ ಕಾಯಿಲ್ ಆಗಿರಬೇಕು. ಇದನ್ನು ಹಾಗೇ ಕಾಪಿ ಮಾಡಬೇಕಿಲ್ಲ. ಆದರೆ ನಿಮ್ಮ ಸಂಖ್ಯೆ ಇದಕ್ಕಿಂತ ತೀರಾ ಕೆಳಗಿದ್ದರೆ ಯಾಕೆ ಎಂದು ಕಮಿಟಿಯ ಮಿನಿಟ್ಸ್‌ನಲ್ಲಿ ಬರೆಯಿರಿ.

ತೊಂದರೆಯಾದ ಕೇಸ್‌ಗಳನ್ನೂ ಕೇಳಿ. ತೊಂದರೆಯೇ ಇಲ್ಲದ ಲಾಗ್‌ಬುಕ್ ಈ ಕ್ಷೇತ್ರದಲ್ಲಿ ನಂಬುವಂಥದ್ದಲ್ಲ. 2002ರಲ್ಲಿ ಪ್ರಕಟವಾದ ಐಸ್ಯಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಅನ್ಯೂರಿಸಂ ಒಡೆದ 2,143 ರೋಗಿಗಳಿದ್ದರು. ಒಂದು ವರ್ಷದ ನಂತರ ತೀರಿಕೊಂಡವರು ಅಥವಾ ಇನ್ನೊಬ್ಬರ ಆಸರೆ ಬೇಕಾದವರು ಕಾಯಿಲ್ ಹಾಕಿದವರಲ್ಲಿ 23.7%, ಕ್ಲಿಪ್ ಹಾಕಿದವರಲ್ಲಿ 30.6%. ಅಷ್ಟು ನುರಿತ ಆಸ್ಪತ್ರೆಗಳಲ್ಲೇ ಹೀಗಿರುವಾಗ "ನನ್ನದೆಲ್ಲ ಸಕ್ಸಸ್" ಎನ್ನುವವರ ಮುಂದೆ ಇನ್ನೊಂದು ಕಪ್ ಕಾಫಿ ಇಟ್ಟು, ಲಾಗ್‌ಬುಕ್ಕನ್ನು ಮೊದಲ ಪುಟದಿಂದ ಮತ್ತೆ ನೋಡಿ. ಅದೇ ಅಧ್ಯಯನದಿಂದ ಇನ್ನೊಂದು ಪಾಠ ಇದೆ. ಕಾಯಿಲ್ ಮಾತ್ರ ಗೊತ್ತಿರುವವರಿಗೆ ಎಲ್ಲ ಅನ್ಯೂರಿಸಂ ಕಾಯಿಲ್ ಹಾಕುವಂಥದ್ದಾಗಿಯೇ ಕಾಣಬಹುದು, ಕ್ಲಿಪ್‌ನವರಿಗೆ ಕ್ಲಿಪ್ ಹಾಕುವಂಥದ್ದಾಗಿ. ಅಧ್ಯಯನದೊಳಗೆ ಬಂದವರು ಎರಡೂ ಸಾಧ್ಯ ಎಂದು ವೈದ್ಯರು ಒಪ್ಪಿದ ರೋಗಿಗಳು. ಆದ್ದರಿಂದ ತುರ್ತಿಲ್ಲದ ಪ್ರತಿ ಕೇಸನ್ನೂ ಇಬ್ಬರೂ ಕೂತು ನೋಡಬೇಕು ಎಂಬ ಷರತ್ತನ್ನು ಪ್ರಿವಿಲೇಜ್ ಪತ್ರದಲ್ಲೇ ಸೇರಿಸಿ.

6. ಕಮಿಟಿ

ಪ್ರಿವಿಲೇಜ್ ತೀರ್ಮಾನಿಸುವ ಕಮಿಟಿಯಲ್ಲಿ ಮೆಡಿಕಲ್ ಸೂಪರಿಂಟೆಂಡೆಂಟ್, ಅನಸ್ತೇಶಿಯಾ, ಐಸಿಯು, ನರ್ಸಿಂಗ್, ಸಂಬಂಧಪಟ್ಟ ವಿಭಾಗ. ಇಷ್ಟು ಸುಲಭ. ಕಷ್ಟ ಇರುವುದು, ಈ ಕೆಲಸ ಗೊತ್ತಿರುವವರು ಆಸ್ಪತ್ರೆಯಲ್ಲಿ ಬೇರೆ ಯಾರೂ ಇಲ್ಲದಾಗ. ಆಗ ಹೊರಗಿನ ಒಬ್ಬ ಹಿರಿಯರನ್ನು ಕರೆಯಬೇಕು. ಮಂಗಳೂರು, ಮಣಿಪಾಲದಲ್ಲಿ ಅಂಥವರು ಸಿಗುತ್ತಾರೆ, ಆದರೆ ಅವರು ಎದುರಾಳಿ ಆಸ್ಪತ್ರೆಯವರೂ ಆಗಿರುತ್ತಾರೆ, ಇಲ್ಲವೇ ಅಭ್ಯರ್ಥಿಯ ಗುರುಗಳೇ ಆಗಿರುತ್ತಾರೆ. ನಮ್ಮ ಊರು ಸಣ್ಣದು, ಎಲ್ಲರಿಗೂ ಎಲ್ಲರೂ ಗೊತ್ತು. ಹಿತಾಸಕ್ತಿಯ ಘೋಷಣೆಗೆ ಸಹಿ ಹಾಕಿಸಿ, ಅಗತ್ಯವಿದ್ದರೆ ಬೆಂಗಳೂರಿನಿಂದ ಒಬ್ಬರನ್ನು ವೀಡಿಯೋ ಕಾಲ್‌ನಲ್ಲಿ ಕೂರಿಸಿ. ಮಾಲೀಕರ ಮನೆಯವರು ಕಮಿಟಿಯಲ್ಲಿ ಇರದಿದ್ದರೆ ಒಳ್ಳೆಯದು. ಹೇಳುವುದು ಸುಲಭ, ಗೊತ್ತು.

7. ಮೊದಲ ಕೆಲವು ಕೇಸ್ ಒಬ್ಬರೇ ಬೇಡ

ಪತ್ರ ಕೊಟ್ಟ ದಿನದಿಂದಲೇ ಪೂರ್ತಿ ಸ್ವಾತಂತ್ರ್ಯ ಕೊಡಬೇಕಿಲ್ಲ. ತಾತ್ಕಾಲಿಕ ಪ್ರಿವಿಲೇಜ್ ಕೊಟ್ಟು, ಮೊದಲ ಕೆಲವು ಕೇಸಿಗೆ ಅನುಭವಿ ಪ್ರಾಕ್ಟರ್ (ಪಕ್ಕದಲ್ಲಿ ನಿಂತು ಗಮನಿಸುವ, ತಿದ್ದುವ ಡಾಕ್ಟರು) ಜೊತೆಗಿರಲಿ, ಅವರು ಪ್ರತಿ ಕೇಸಿಗೂ ಒಂದು ಪುಟದ ವರದಿ ಬರೆಯಲಿ. ಹೊಸ ಸಾಮಾನು ಬಂದಾಗಲೂ ಹೀಗೆಯೇ. ಫ್ಲೋ ಡೈವರ್ಟರ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದೇ 2011ರಲ್ಲಿ, ಅದಕ್ಕೂ ಮೊದಲು ಕಲಿತವರು ಎಷ್ಟೇ ಹಿರಿಯರಾದರೂ ಅದನ್ನು ಆಮೇಲೆ ಎಲ್ಲೋ ಕಲಿತಿರಲೇಬೇಕು. ಎಲ್ಲಿ, ಯಾರ ಬಳಿ ಎಂದು ಕೇಳುವುದು ಅವಮಾನವಲ್ಲ. ಕಾಯಿಲ್ ಕಂಪನಿಯ ಪ್ರತಿನಿಧಿ ಲ್ಯಾಬಿನಲ್ಲಿ ನಿಂತು ಸಲಹೆ ಕೊಡುವುದು ಪ್ರಾಕ್ಟರಿಂಗ್ ಅಲ್ಲ.

8. ಶನಿವಾರ ಬಂದು ಭಾನುವಾರ ಹೋಗುವವರು

ವಿಸಿಟಿಂಗ್ ಕನ್ಸಲ್ಟೆಂಟ್ ಪದ್ಧತಿ ಕರಾವಳಿಯಲ್ಲಿ ಹಳೆಯದು, ತಪ್ಪೂ ಅಲ್ಲ. ಆದರೆ ಮೆದುಳಿನ ರಕ್ತನಾಳಕ್ಕೆ ಅದು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಅನ್ಯೂರಿಸಂ ಒಡೆದವರಿಗೆ ಕಾಯಿಲ್ ಚೆನ್ನಾಗಿ ಕೂತರೂ ಮೂರು ನಾಲ್ಕನೇ ದಿನದಿಂದ ಸುಮಾರು ಎರಡು ವಾರದವರೆಗೆ ರಕ್ತನಾಳ ಬಿಗಿದುಕೊಳ್ಳುವ ಅಪಾಯ ಇರುತ್ತದೆ. ಭಾನುವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದ ಡಾಕ್ಟರು ಗುರುವಾರ ಮಧ್ಯಾಹ್ನ ರೋಗಿಯ ಕೈ ಬಿದ್ದುಹೋದಾಗ ಎಲ್ಲಿರುತ್ತಾರೆ? ಇಂಥವರಿಗೆ ಪ್ರಿವಿಲೇಜ್ ಕೊಡುವಾಗ ಅವರು ಇಲ್ಲದ ದಿನಗಳಲ್ಲಿ ನೋಡಿಕೊಳ್ಳುವ ಸ್ಥಳೀಯ ಡಾಕ್ಟರ ಹೆಸರು, ಸಹಿ, ಮತ್ತು ಅವರಿಗೆ ಅದೇ ಕೆಲಸದ ಪ್ರಿವಿಲೇಜ್ ಇದೆಯೇ ಎಂಬುದು ಅದೇ ಹಾಳೆಯಲ್ಲಿ ಇರಲಿ. ಹೆಸರು ಸಿಗದಿದ್ದರೆ ತುರ್ತಿಲ್ಲದ, ಆರಿಸಿ ಮಾಡುವ ಕೇಸ್‌ಗಳಿಗೆ ಮಾತ್ರ ಒಪ್ಪಿಗೆ ಕೊಡಿ.

ಲಕ್ವದ ವಿಷಯದಲ್ಲಿ ಇನ್ನೂ ಕಷ್ಟ. ಕ್ಲಾಟ್ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ, ಕ್ಲಾಟ್ ತೆಗೆಯಲು ಸಾಮಾನ್ಯವಾಗಿ 6 ಗಂಟೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೆ. ಬೈಂದೂರಿನಿಂದ, ಸುಳ್ಯದಿಂದ ಮಳೆಯಲ್ಲಿ ಬರುವ ಆಂಬುಲೆನ್ಸ್‌ಗೆ ಇದರಲ್ಲಿ ಎಷ್ಟೋ ಸಮಯ ರಸ್ತೆಯಲ್ಲೇ ಹೋಗಿರುತ್ತದೆ. ವಾರದಲ್ಲಿ ಎರಡೇ ದಿನ ಡಾಕ್ಟರು ಇರುವ ಆಸ್ಪತ್ರೆ "24 ಗಂಟೆ ಸ್ಟ್ರೋಕ್ ಸೇವೆ" ಎಂದು ಬೋರ್ಡ್ ಹಾಕಬಾರದು. ಉಳಿದ ದಿನಗಳಲ್ಲಿ ಯಾವ ಆಸ್ಪತ್ರೆಗೆ ಕಳಿಸುತ್ತೇವೆ ಎಂಬ ಒಪ್ಪಂದ ಮೊದಲೇ ಆಗಿರಲಿ.

9. ನವೀಕರಣ, ಮತ್ತು ಕೇಸ್ ಕಡಿಮೆ ಇರುವವರ ಪಾಡು

ಪ್ರಿವಿಲೇಜ್‌ಗೆ ಒಂದು ಕೊನೆಯ ತಾರೀಕು ಇರಲಿ. ವರ್ಷಕ್ಕೊಮ್ಮೆ ಪರಿಶೀಲನೆ ಇಟ್ಟುಕೊಂಡರೆ ಚೆನ್ನ. ಆಗ ನೋಡಬೇಕಾದ್ದು ಎಷ್ಟು ಕೇಸ್ ಮಾಡಿದರು, ಏನಾಯಿತು ಎಂಬ ಎರಡೇ. ಲಕ್ವದ ರೋಗಿ ಬಾಗಿಲಿಗೆ ಬಂದಾಗಿನಿಂದ ತೊಡೆಗೆ ಸೂಜಿ ಹಾಕುವವರೆಗೆ ಎಷ್ಟು ನಿಮಿಷ, ರಕ್ತಹರಿವು ಎಷ್ಟು ವಾಪಸ್ ಬಂತು, ಮೆದುಳಿನಲ್ಲಿ ರಕ್ತಸ್ರಾವ ಆಯಿತೇ, 90 ದಿನದ ನಂತರ ರೋಗಿ ಹೇಗಿದ್ದಾರೆ. ಕೊನೆಯದಕ್ಕೆ 0ಯಿಂದ 6ರವರೆಗಿನ ರ‍್ಯಾಂಕಿನ್ ಸ್ಕೇಲ್ ಬಳಸುತ್ತಾರೆ. 0 ಅಂದರೆ ಏನೂ ತೊಂದರೆ ಇಲ್ಲ, 6 ಅಂದರೆ ತೀರಿಕೊಂಡಿದ್ದಾರೆ. ಇದನ್ನು ಚಿಕಿತ್ಸೆ ಮಾಡಿದ ಡಾಕ್ಟರೇ ತುಂಬಬಾರದು. ಒಬ್ಬ ಸ್ಟ್ರೋಕ್ ನರ್ಸ್ ಫೋನ್ ಮಾಡಿ ಕೇಳಿದರೆ ಸಾಕು, ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಲು ಬರುವವರಾದರೆ ಉತ್ತರವೂ ಸರಿಯಾಗಿ ಸಿಗುತ್ತದೆ.

ಈಗ ಮುಜುಗರದ ಪ್ರಶ್ನೆ. ಡಾಕ್ಟರು ಒಳ್ಳೆಯವರು, ತರಬೇತಿ ಚೆನ್ನಾಗಿದೆ, ಆದರೆ ವರ್ಷದಲ್ಲಿ ಬಂದದ್ದು ಬೆರಳೆಣಿಕೆಯ ಕೇಸ್. ಇದು ಅವರ ತಪ್ಪಲ್ಲ. ಒಂದೇ ಊರಿನಲ್ಲಿ ಇಷ್ಟು ಆಸ್ಪತ್ರೆಗಳು ಇದೇ ಕೆಲಸ ಹಂಚಿಕೊಂಡರೆ ಯಾರಿಗೂ ಸಾಕಷ್ಟು ಸಿಗುವುದಿಲ್ಲ. ಅವರು ಬೇರೆ ಆಸ್ಪತ್ರೆಯಲ್ಲಿ ಮಾಡಿದ ಕೇಸ್‌ಗಳನ್ನೂ ದಾಖಲೆ ಇದ್ದರೆ ಲೆಕ್ಕಕ್ಕೆ ಹಿಡಿಯಿರಿ. ಅದೂ ಕಡಿಮೆ ಎಂದಾದರೆ ಇಬ್ಬರು ಆಪರೇಟರ್ ಷರತ್ತು ಹಾಕಿ, ಇಲ್ಲವೇ ಎವಿಎಂ, ಫ್ಲೋ ಡೈವರ್ಟರ್‌ನಂಥ ಕಷ್ಟದ ಸಾಲುಗಳನ್ನು ತೆಗೆದು ಥ್ರಾಂಬೆಕ್ಟಮಿ ಮಾತ್ರ ಉಳಿಸಿ. ಅಪರೂಪದ ಕೇಸನ್ನು ಜಾಸ್ತಿ ಮಾಡುವ ಕಡೆಗೆ ಕಳಿಸುವುದರಲ್ಲಿ ನಾಚಿಕೆ ಏನೂ ಇಲ್ಲ, ಮಂಗಳೂರಿನಿಂದ ಮಣಿಪಾಲ ಇರುವುದು 60 ಕಿಲೋಮೀಟರ್ ಆಸುಪಾಸಿನಲ್ಲಿ. ಬಿಲ್ ಹೋಯಿತಲ್ಲ ಎಂದು ಮ್ಯಾನೇಜ್‌ಮೆಂಟ್ ಮುಖ ಸಿಂಡರಿಸಬಹುದು. ಸಿಂಡರಿಸಲಿ.

10. ಪಟ್ಟಿ ಕಪಾಟಿನಲ್ಲಿದ್ದರೆ ಇಲ್ಲದ ಹಾಗೆಯೇ

ಇಷ್ಟೆಲ್ಲ ಮಾಡಿ ಫೈಲನ್ನು ಸೂಪರಿಂಟೆಂಡೆಂಟ್ ಆಫೀಸಿನ ಗೋದ್ರೇಜ್ ಕಪಾಟಿನಲ್ಲಿ ಬೀಗ ಹಾಕಿಡುತ್ತೇವೆ. ರಾತ್ರಿ ಎರಡು ಗಂಟೆಗೆ ಕ್ಯಾಥ್‌ಲ್ಯಾಬ್ ಸಿಸ್ಟರ್‌ಗೆ ಯಾರು ಯಾವುದು ಮಾಡಬಹುದು ಎಂದು ಗೊತ್ತಿರಬೇಡವೇ? ಒಂದು ಪುಟದ ಪಟ್ಟಿ, ಡಾಕ್ಟರ ಹೆಸರು ಎಡಗಡೆ, ಚಿಕಿತ್ಸೆಗಳು ಮೇಲುಗಡೆ, ಟಿಕ್ ಗುರುತು, ಕೊನೆಯ ತಾರೀಕು. ಕ್ಯಾಥ್‌ಲ್ಯಾಬ್, ಓಟಿ, ಕ್ಯಾಶುವಾಲ್ಟಿ, ಟೆಲಿಫೋನ್ ಆಪರೇಟರ್, ನಾಲ್ಕೂ ಕಡೆ ಇರಲಿ. ಟಿಕ್ ಇಲ್ಲದ ಕೇಸನ್ನು ಬುಕ್ ಮಾಡದಿರುವ ಅಧಿಕಾರ ಸಿಸ್ಟರ್‌ಗೆ ಇದೆ ಎಂದು ಆಸ್ಪತ್ರೆಯ ಆದೇಶದಲ್ಲಿ ಬರೆದಿರಬೇಕು, ಹಾಗೆ ನಿಲ್ಲಿಸಿದವರನ್ನು ಮರುದಿನ ಯಾರೂ ಬೈಯಬಾರದು. ಜೀವ ಹೋಗುವ ತುರ್ತಿನಲ್ಲಿ ನಿಯಮ ಸಡಿಲಿಸಬೇಕಾದರೆ ಯಾರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು ಎಂಬುದನ್ನೂ ಅದರ ಕೆಳಗೇ ಬರೆಯಿರಿ, ಮೊಬೈಲ್ ನಂಬರ್ ಸಮೇತ.

ರೋಗಿಯ ಮನೆಯವರು "ಈ ಡಾಕ್ಟ್ರು ಇದನ್ನು ಎಷ್ಟು ಮಾಡಿದ್ದಾರೆ?" ಎಂದು ಕೌಂಟರಿನಲ್ಲಿ ಕೇಳಿದರೆ "ಅದೆಲ್ಲ ನಿಮಗೆ ಯಾಕೆ" ಎನ್ನಬೇಡಿ. ಕನ್ಸೆಂಟ್ ಫಾರ್ಮಿನಲ್ಲಿ ಆಪರೇಟರ್ ಹೆಸರು ಬರೆಯಿರಿ, ಅದನ್ನು ಕನ್ನಡದಲ್ಲಿ ಓದಿ ಹೇಳಿ. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮ ಹೇಗೂ ಇದೆ.